ಡಿಸ್ಕುವ್ಯೂಹಗಳೂ ಅವುಗಳ ಗುರುತಿನ ಪ್ರಶ್ನೆಯೂ

ಗಣಕಯಂತ್ರಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅವುಗಳ ಶೇಖರಣಶಕ್ತಿಯು ಎಷ್ಟೆಷ್ಟು ಬೆಳೆಯಿತೆಂಬುದನ್ನೇ ಮುಖ್ಯವಾಗಿ ಎಣಿಸಿ ತೃಪ್ತರಾಗಿರುವರು. ಆ ಲೆಕ್ಕವು ಆಶ್ಚರ್ಯಕರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರೆದಿಟ್ಟುದು ಉಳಿಯಬೇಕಾದರೆ ಬರೆಯುವುದಕ್ಕೆ ಸ್ಥಳವಿದ್ದರೆ ಮಾತ್ರ ಸಾಲದು. ಯಾವ ಸ್ಥಳದಲ್ಲಿ ಯಾವುದಿದೆ, ಹಲವು ಭಾಗಗಳಾಗಿ ಹಂಚಿಟ್ಟುದು ಯಾವ ಕ್ರಮದಲ್ಲಿ ಮತ್ತೆ ಕೂಡಬೇಕು ಎಂಬ ತಿಳಿವಳಿಕೆಯೂ ಎಲ್ಲಿಯಾದರೂ ಉಳಿದಿರಬೇಕು. ಆ ತಿಳಿವಳಿಕೆಯನ್ನು ಯಂತ್ರವನ್ನು ನೋಡಿಕೊಳ್ಳುವವನ ನೆನಪಿಗೆ ಒಪ್ಪಿಸಬೇಕೋ, ಬೇರೊಂದು ಪಟ್ಟಿಯಲ್ಲಿ ಬರೆದಿಡಬೇಕೋ, ಅಥವಾ ಡಿಸ್ಕಿನ ಮೇಲೆಯೇ ಕೆತ್ತಿಡಬೇಕೋ ಎಂಬ ಪ್ರಶ್ನೆಯು ಕಳೆದ ಅರ್ಧಶತಮಾನದಲ್ಲಿ ಮೂರು ನಾಲ್ಕು ಬಗೆಯಾಗಿ ಉತ್ತರಿಸಲ್ಪಟ್ಟಿದೆ. ಡಿಸ್ಕುಗಳೆಲ್ಲವೂ ನಿರ್ದುಷ್ಟವಾಗಿರುವಾಗಲೇ ಅವುಗಳಲ್ಲಿದ್ದ ಗ್ರಂಥರಾಶಿಯು ಒಂದು ಸಾಲಿನ ತಪ್ಪು ಆಜ್ಞೆಯಿಂದ ಹಾಳಾಗುವುದುಂಟು. ಇಂತಹ ನಾಶಕ್ಕೆ ಕಾರಣವನ್ನು ಲೋಹದಲ್ಲಿ ಹುಡುಕಿ ಫಲವಿಲ್ಲ, ಗುರುತಿನಲ್ಲಿ ಹುಡುಕಬೇಕು.

ಕಾಂತಶಕ್ತಿಯಿಂದ ಗುರುತುಮಾಡಿದ ತಿರುಗುವ ತಟ್ಟೆಗಳು ಮೊದಲು ವ್ಯಾಪಾರಕ್ಕೆ ಬಂದುದು ೧೯೫೬ರಲ್ಲಿ. ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದ ಸ್ಯಾನ್ ಹೋಸೆ ಪಟ್ಟಣದಲ್ಲಿ ಐಬಿಎಂ ಸಂಸ್ಥೆಯವರು ರೇನಾಲ್ಡ್ ಜಾನ್ಸನ್ ಎಂಬಾತನ ನೇತೃತ್ವದಲ್ಲಿ ರಚಿಸಿದ ೩೦೫ ರಾಮಾಕ್ ಯಂತ್ರದ ಡಿಸ್ಕುಘಟಕದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅವೆಲ್ಲವೂ ಸೇರಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳನ್ನು. ಒಂದು ಕಪಾಟಿನಷ್ಟು ದೊಡ್ಡದಾದ ಈ ಘಟಕವು ಯಂತ್ರದ ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ನಿಂತಿರುತ್ತಿದ್ದುದರಿಂದ ಇದು ಯಾವ ಡಿಸ್ಕು ಎಂಬ ಸಂದೇಹಕ್ಕೆ ಅವಕಾಶವೇ ಇರಲಿಲ್ಲ.

ಆಜ್ಞಾಪಂಕ್ತಿಯೆಂದರೆ, ಅಕ್ಷರಗಳಲ್ಲಿ ಒಂದು ಸಾಲನ್ನು ಬರೆದು ಯಂತ್ರಕ್ಕೆ ಅಪ್ಪಣೆಕೊಡುವ ಪದ್ಧತಿ. ಡಿಸ್ಕುಗಳ ಆಡಳಿತಕ್ಕೆ ಇಂದು ಬಳಕೆಯಲ್ಲಿರುವ ಆಜ್ಞೆಗಳ ಮೂಲವನ್ನು ಅರಸುತ್ತ ಹೋದರೆ ನ್ಯೂಜೆರ್ಸಿಯ ಮರೇ ಹಿಲ್‌ನಲ್ಲಿದ್ದ ಬೆಲ್ ಪ್ರಯೋಗಶಾಲೆಯನ್ನು ಮುಟ್ಟಬೇಕಾಗುತ್ತದೆ. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಎಂಬಿಬ್ಬರು ೧೯೬೯ರಲ್ಲಿ ಪ್ರಾರಂಭಿಸಿದ ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯು ೧೯೭೧ನೆಯ ನವೆಂಬರ್ ೩ರ ದಿನಾಂಕವನ್ನು ಹೊತ್ತಿದೆ. ಮೌಂಟ್ ಎಂಬ ಆಜ್ಞೆಯು ಅದರಲ್ಲಿಯೇ ಕಾಣಬರುತ್ತದೆ. ಈ ಹೆಸರು ಕೇವಲ ರೂಪಕವಲ್ಲ. ೧೯೭೪ರಲ್ಲಿ ಆ ಇಬ್ಬರು ಪ್ರಕಟಿಸಿದ ಪ್ರಬಂಧದಲ್ಲಿ ಅವರ ಯಂತ್ರಕ್ಕೆ ತೆಗೆದಿಡಬಹುದಾದ ಪೆಟ್ಟಿಗೆಗಳುಳ್ಳ ನಾಲ್ಕು ಡಿಸ್ಕುಗಳಿದ್ದುವೆಂದೂ ಒಂದೊಂದು ೨೫ ಲಕ್ಷ ಬೈಟುಗಳನ್ನು ಹಿಡಿಯುತ್ತಿದ್ದಿತೆಂದೂ ಹೇಳಿದೆ. ಕೈಯಿಂದ ಪೆಟ್ಟಿಗೆಯನ್ನು ಏರಿಸಿ, ಆಮೇಲೆ ಏರಿಸಿದೆನೆಂದು ಆಜ್ಞೆಯ ಮೂಲಕ ಯಂತ್ರಕ್ಕೆ ತಿಳಿಸಬೇಕಾಗಿದ್ದಿತು. ಇಳಿಸುವ ಆಜ್ಞೆಗೆ ಅನ್‌ಮೌಂಟ್ ಎಂದಿರಬೇಕಾದ ಕಡೆ ನಕಾರವೊಂದು ಲೋಪವಾಗಿ ಯುಮೌಂಟ್ ಎಂದಾಗಿದೆ. ಈ ಅಪಭ್ರಂಶವು ಇಂದಿಗೂ ಹಾಗೆಯೇ ನಡೆದುಬಂದಿದೆ.

ಯುನಿಕ್ಸ್ ಕರ್ತರ ಮುಖ್ಯವಾದ ಕಲ್ಪನೆಯೇನೆಂದರೆ, ಡಿಸ್ಕು ಮೊದಲಾದ ಉಪಕರಣಗಳೂ ಸಾಮಾನ್ಯ ಕಡತಗಳಂತೆಯೇ ಹೆಸರುಳ್ಳವಾಗಿರಬೇಕು, ಓದುವ ಬರೆಯುವ ಕ್ರಮವು ಎರಡಕ್ಕೂ ಒಂದೇ ಆಗಿರಬೇಕು ಎಂಬುದು. ಇದಕ್ಕಾಗಿ ಅವರು ಡೆವ್ ಎಂಬ ಒಂದು ಕೋಶವನ್ನು ಏರ್ಪಡಿಸಿ ಉಪಕರಣಗಳ ಹೆಸರುಗಳನ್ನೆಲ್ಲ ಅದರಲ್ಲಿ ಇಟ್ಟರು. ಈ ಕಲ್ಪನೆಯ ಲಾಘವವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಇದರಿಂದಲೇ ಒಂದು ಅಪಾಯವೂ ಹುಟ್ಟಿತು. ಒಂದು ಪುಟದ ಪತ್ರದ ಮೇಲೆ ಬರೆಯುವಷ್ಟೇ ಸುಲಭವಾಗಿ ಇಡೀ ಡಿಸ್ಕಿನ ಮೇಲೆ ಮೊದಲಿಂದ ಕೊನೆಯವರೆಗೆ ಬರೆದುಬಿಡಬಹುದು. ಬೈಟುಗಳನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಪ್ರತಿಮಾಡುವ ಡಿಡಿ ಎಂಬ ಆಜ್ಞೆಯು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಮೂಲ ಯಾವುದು, ಪ್ರತಿ ಯಾವುದು ಎಂಬ ಎರಡು ಮಾತುಗಳನ್ನು ಇದಕ್ಕೆ ಹೇಳಬೇಕು. ಎರಡಕ್ಕೂ ಇರುವ ಗುರುತುಗಳಲ್ಲಿ ಭೇದವು ಒಂದೇ ಒಂದು ಅಕ್ಷರ. ಅದು ಅದಲುಬದಲಾದರೆ ಬರಿದಾದ ಡಿಸ್ಕಿನ ಶೂನ್ಯವು ತುಂಬಿದ ಡಿಸ್ಕಿನ ಮೇಲೆ ಪ್ರತಿಯಾಗುತ್ತದೆ. ಆಜ್ಞೆಯು ಏನನ್ನೂ ಕೇಳುವುದಿಲ್ಲ.

ವಿದ್ಯುತ್ತು ನಿಂತು ಬರವಣಿಗೆಯು ನಡುವೆ ಮುರಿದರೆ ಡಿಸ್ಕಿನ ಲೆಕ್ಕಪತ್ರಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ. ಇದನ್ನು ಪರಿಶೋಧಿಸುವುದಕ್ಕೆ ಕೊವಾಲ್ಸ್ಕಿ ಎಂಬಾತನು ರಚಿಸಿದ ಎಫ್‌ಎಸ್‌ಸಿಕೆ ಎಂಬ ಸಾಧನವು ಬಳಕೆಗೆ ಬಂದಿತು. ಯಾವ ಕೋಶಕ್ಕೂ ಸೇರದೆ ಉಳಿದ ಬರಹವು ಸಿಕ್ಕಿದರೆ ಅದನ್ನು ಬಿಸಾಡದೆ, ಕಳೆದು ಸಿಕ್ಕಿದ್ದು ಎಂಬರ್ಥದ ಹೆಸರಿನ ಕೋಶವೊಂದರಲ್ಲಿ ಅಂಕೆ ಹಾಕಿ ಇಡುವ ಅದರ ರೂಢಿಯು ಹಳೆಯ ಭಂಡಾರಗಳಲ್ಲಿ ಬಿಡಿಯೋಲೆಗಳನ್ನು ಒಂದು ಕಟ್ಟಾಗಿ ಕಟ್ಟಿಡುವ ಪದ್ಧತಿಯನ್ನು ನೆನಪಿಗೆ ತರುತ್ತದೆ.

ಇಲ್ಲಿಯವರೆಗೆ ಪ್ರಸ್ತಾಪವಾದುದು ಒಂದೊಂದೇ ಡಿಸ್ಕಿನ ಆಡಳಿತ. ಹಲವು ಡಿಸ್ಕುಗಳನ್ನು ಒಂದೇ ಡಿಸ್ಕೆಂಬಂತೆ ಕೂಡಿಸುವ ವಿಚಾರವು ಖ್ಯಾತಿಗೆ ಬಂದುದು ೧೯೮೮ರಲ್ಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು ಆ ವರ್ಷ ಷಿಕಾಗೋ ನಗರದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇಂತಹ ವ್ಯೂಹಕ್ಕೆ ರೇಡ್ ಎಂಬ ಹೆಸರನ್ನಿತ್ತರು. ಕೆಟ್ಟ ಡಿಸ್ಕಿನಲ್ಲಿದ್ದುದನ್ನು ಉಳಿದವುಗಳಿಂದ ಪಡೆಯುವ ಒಂದು ವಿಧಾನಕ್ಕೆ ಐಬಿಎಂನ ನಾರ್ಮನ್ ಊಚಿ ಎಂಬಾತನು ೧೯೭೮ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನಾದ್ದರಿಂದ ವಿಧಾನವು ಈ ಮೂವರಿಂದಲೇ ಹುಟ್ಟಿತೆಂದು ಹೇಳಲಾಗದು. ಆದರೆ ಅದನ್ನು ಐದು ಬಗೆಯಾಗಿ ವಿಂಗಡಿಸಿ, ಲೆಕ್ಕವಿಟ್ಟು, ಒಂದು ಶಾಸ್ತ್ರದ ರೂಪಕ್ಕೆ ತಂದವರು ಅವರೇ. ಅವರ ವಾದವು ಸರಳವಾದುದು. ದೊಡ್ಡ ಯಂತ್ರಗಳಿಗೆಂದು ಮಾಡಿದ ೧೪ ಅಂಗುಲದ ಐಬಿಎಂ ೩೩೮೦ ಡಿಸ್ಕು ೭,೫೦೦ ಮೆಗಾಬೈಟುಗಳನ್ನು ಹಿಡಿದು ೬,೬೦೦ ವಾಟ್ ವಿದ್ಯುತ್ತನ್ನು ನುಂಗುತ್ತಿದ್ದಿತು. ಮೇಜಿನ ಮೇಲಿನ ಯಂತ್ರಗಳಿಗೆಂದು ಮಾಡಿದ ಮೂರೂವರೆ ಅಂಗುಲದ ಕಾನರ್ ಡಿಸ್ಕು ೧೦೦ ಮೆಗಾಬೈಟುಗಳನ್ನು ಹಿಡಿದು ೧೦ ವಾಟ್‌ಗೆ ತೃಪ್ತಿಪಡುತ್ತಿದ್ದಿತು. ಸಣ್ಣವನ್ನು ಹಲವನ್ನು ಕೂಡಿಸಿದರೆ ದೊಡ್ಡದನ್ನು ಮೀರಿಸಬಹುದಲ್ಲವೆ? ಆದರೆ ಒಂದು ಡಿಸ್ಕು ಸರಾಸರಿ ೩೦,೦೦೦ ಗಂಟೆ ಬಾಳುವುದಾದರೆ, ನೂರು ಡಿಸ್ಕುಗಳ ಗುಂಪಿನಲ್ಲಿ ೩೦೦ ಗಂಟೆಗೊಂದು ಕೆಡಬೇಕಾಗುತ್ತದೆ. ಎಂದರೆ ಎರಡು ವಾರವೂ ಪೂರೈಸದು. ಆದಕಾರಣ ಕೆಟ್ಟುದನ್ನು ಮತ್ತೆ ಕಟ್ಟುವ ಉಪಾಯವಿಲ್ಲದೆ ವ್ಯೂಹವೇ ಇಲ್ಲ.

ಪ್ಯಾರಿಟಿ ಎಂಬ ಆ ಉಪಾಯವನ್ನು ಛಂದಸ್ಸಿನ ಪರಿಚಯವುಳ್ಳವರು ಸುಲಭವಾಗಿ ಗ್ರಹಿಸಬಹುದು. ಕಂದಪದ್ಯದ ನಾಲ್ಕು ಮಾತ್ರೆಯ ಗಣವೊಂದರಲ್ಲಿ ಒಂದು ಅಕ್ಷರವನ್ನು ಹುಳು ತಿಂದಿದೆಯೆಂದು ಭಾವಿಸೋಣ. ಉಳಿದ ಅಕ್ಷರಗಳ ಮಾತ್ರೆ ಎರಡಾದರೆ ಹೋದುದು ಗುರು, ಮೂರಾದರೆ ಲಘು. ಆ ಅಕ್ಷರವು ಯಾವುದೆಂಬುದು ಇದರಿಂದ ತಿಳಿಯದು. ಗುರುವೋ ಲಘುವೋ ಎಂಬುದಂತೂ ನಿಶ್ಚಯವಾಗಿ ತಿಳಿಯುತ್ತದೆ. ಡಿಸ್ಕಿನ ಭಾಷೆಯಲ್ಲಿ ಇರುವುದೇ ಸೊನ್ನೆ, ಒಂದು ಎಂಬ ಎರಡು ಅಕ್ಷರಗಳಾದುದರಿಂದ ಎರಡರಲ್ಲಿ ಯಾವುದೆಂದು ತಿಳಿದರೆ ಎಲ್ಲವೂ ತಿಳಿದಂತೆಯೇ. ಹೀಗೆ ಒಂದು ಸಾಲಿನಲ್ಲಿರುವ ಒಂದರ ಸಂಖ್ಯೆಯು ಯಾವಾಗಲೂ ಸಮವಾಗಿರುವಂತೆ ಒಂದು ಹೆಚ್ಚಿನ ಡಿಸ್ಕಿನಲ್ಲಿ ಅಕ್ಷರವನ್ನು ತುಂಬುತ್ತ ಹೋಗುವುದೇ ಪ್ಯಾರಿಟಿ. ಈ ದೃಷ್ಟಾಂತದಲ್ಲಿಯೇ ಉಪಾಯದ ಮಿತಿಯೂ ಅಡಗಿದೆ. ಅಕ್ಷರವು ಲೋಪವಾಗಿದ್ದರೆ ಸ್ಥಳವು ಕಾಣುತ್ತದೆ. ಅಕ್ಷರವು ತಪ್ಪಾಗಿದ್ದರೆ ಛಂದಸ್ಸು ಕೆಟ್ಟಿತೆಂದು ಮಾತ್ರ ತಿಳಿಯುತ್ತದೆ, ಎಲ್ಲಿ ಕೆಟ್ಟಿತೆಂದು ತಿಳಿಯುವುದಿಲ್ಲ.

ಬರ್ಕ್ಲಿಯ ಲೆಕ್ಕವು ಒಂದು ಡಿಸ್ಕಿನ ಕೇಡಿಗೂ ಮತ್ತೊಂದರ ಕೇಡಿಗೂ ಸಂಬಂಧವಿಲ್ಲವೆಂಬ ಊಹೆಯ ಮೇಲೆ ನಿಂತಿದ್ದಿತು. ತಯಾರಕರೂ ಹಾಗೆಯೇ ಊಹಿಸುವರೆಂದು ಕರ್ತರೇ ಹೇಳಿದ್ದರು. ಈ ಊಹೆಯನ್ನು ಪರೀಕ್ಷಿಸಿದವರಲ್ಲಿ ಆ ಮೂವರೊಳಗೊಬ್ಬನಾದ ಗಿಬ್ಸನ್ನನೂ ಸೇರಿರುವುದು ಶಾಸ್ತ್ರಚರಿತ್ರೆಯಲ್ಲಿ ಮೆಚ್ಚತಕ್ಕ ಸಂಗತಿ. ಆತನೂ ಬಿಯಾಂಕಾ ಷ್ರೋಡರ್ ಎಂಬಾಕೆಯೂ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆಗಳನ್ನು ಶೋಧಿಸಿ ೨೦೦೭ರಲ್ಲಿ ಫಲವನ್ನು ಪ್ರಕಟಿಸಿದರು. ಅದನ್ನು ಮಂಡಿಸಿದುದು ಮೊದಲ ಡಿಸ್ಕು ಹುಟ್ಟಿದ ಸ್ಯಾನ್ ಹೋಸೆಯಲ್ಲಿಯೇ. ತಯಾರಕರ ಪತ್ರಗಳ ಪ್ರಕಾರ ವರ್ಷಕ್ಕೆ ನೂರಕ್ಕೆ ೦.೮೮ನ್ನು ಮೀರಬಾರದ ಕೇಡು ನೂರಕ್ಕೆ ೨ರಿಂದ ೪ರವರೆಗೆ ಸಾಮಾನ್ಯವಾಗಿಯೂ, ಕೆಲವೆಡೆ ೧೩ರವರೆಗೂ ಇದ್ದಿತು. ಅಷ್ಟೇ ಅಲ್ಲದೆ ಒಂದು ಕೇಡಿನ ಹಿಂದೆಯೇ ಮತ್ತೊಂದು ಕೇಡು ಬರುವ ಸಂಭವವು ಊಹೆಯಲ್ಲಿದ್ದುದಕ್ಕಿಂತ ಹೆಚ್ಚೆಂದೂ ಕಂಡುಬಂದಿತು. ರೇಡ್ ಎಂಬ ಹೆಸರಿನಲ್ಲಿ ಮೊದಲು ಅಗ್ಗದ ಎಂಬರ್ಥದಲ್ಲಿದ್ದ ಅಕ್ಷರಕ್ಕೆ ವ್ಯಾಪಾರಿಗಳು ಅಷ್ಟರೊಳಗೆ ಸ್ವತಂತ್ರ ಎಂಬ ಅರ್ಥವನ್ನು ಕೊಟ್ಟಿದ್ದರು. ಬೆಲೆ ಏರಿಸಿದ ಸರಕಿಗೆ ಅಗ್ಗವೆಂಬ ವಿಶೇಷಣವು ಒಪ್ಪುವುದೆಂತು? ಆದರೆ ಡಿಸ್ಕುಗಳು ಕೆಡುವುದರಲ್ಲಿ ಸ್ವತಂತ್ರವಲ್ಲವೆಂದು ಈ ಶೋಧದಿಂದ ಸಿದ್ಧಪಟ್ಟಿತು.

ವ್ಯೂಹದ ಶಾಸ್ತ್ರವು ಹೀಗೆ ಬೆಳೆಯುತ್ತಿರುವಾಗ, ಅದನ್ನು ಆಳುವ ಆಜ್ಞೆಗಳ ಚರಿತ್ರೆಯು ಬೇರೊಂದು ದಾರಿಯಲ್ಲಿ ನಡೆಯುತ್ತಿದ್ದಿತು. ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಪ್ರಾರಂಭಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ವಿಶೇಷ ಯಂತ್ರಭಾಗಗಳ ಸಹಾಯವಿಲ್ಲದೆ ವ್ಯೂಹಗಳನ್ನು ಕಟ್ಟುವ ಅನುಕೂಲವು ೧೯೯೦ರ ದಶಕದಲ್ಲಿ ಏರ್ಪಟ್ಟಿತು. ಅಂದು ಬಳಕೆಯಲ್ಲಿದ್ದ ಸಾಧನಗಳಿಗೆ ರೇಡ್‌ಟೂಲ್ಸ್ ಎಂದು ಹೆಸರು. ಇವು ರೇಡ್‌ಟ್ಯಾಬ್ ಎಂಬ ಒಂದು ಪಟ್ಟಿಯನ್ನು ಪ್ರಮಾಣವಾಗಿ ಇಟ್ಟುಕೊಂಡಿದ್ದುವು. ಮೊದಲನೆಯದು ಯಾವ ಡಿಸ್ಕು, ಎರಡನೆಯದು ಯಾವುದು, ಒಂದೊಂದರ ಮೇಲೂ ಎಷ್ಟೆಷ್ಟು ಬರೆದು ಮುಂದಿನದಕ್ಕೆ ಹೋಗಬೇಕು ಎಂಬುದೆಲ್ಲವನ್ನೂ ಆಡಳಿತಗಾರನು ಆ ಪಟ್ಟಿಯಲ್ಲಿ ತನ್ನ ಕೈಯಾರೆ ಬರೆಯಬೇಕು. ಪಟ್ಟಿಗೂ ನಿಜಸ್ಥಿತಿಗೂ ಭೇದವುಂಟಾದರೆ? ವ್ಯೂಹವನ್ನು ರಚಿಸುವ ಎಂಕೆರೇಡ್ ಎಂಬ ಆಜ್ಞೆಗೆ ಬಲವಂತದ ಸೂಚನೆಯನ್ನು ಸೇರಿಸಿದರೆ, ಪಟ್ಟಿಯು ನಿಜಸ್ಥಿತಿಗೆ ಹೊಂದದಿದ್ದಲ್ಲಿ ಸರ್ವವೂ ನಾಶವಾಗುವುದೆಂಬ ಎಚ್ಚರಿಕೆಯನ್ನು ಅದು ಮುದ್ರಿಸಿ ನಿಲ್ಲುತ್ತಿದ್ದಿತು. ಹಾಗಾದರೂ ಆಗಲೆನ್ನುವವನು ನಿಜವಾಗಿಯೂ ಬಲವಂತ ಎಂಬರ್ಥದ ಮತ್ತೊಂದು ದೀರ್ಘವಾದ ಸೂಚನೆಯನ್ನು ಬರೆಯಬೇಕಾಗಿದ್ದಿತು. ಸಾಧನವನ್ನು ರಚಿಸಿದವರೇ ತಮ್ಮ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೨೦೦೧ರಲ್ಲಿ ನೀಲ್ ಬ್ರೌನ್ ಎಂಬಾತನು ಹೊರತಂದ ಎಂಡಿಎಡಿಎಂ ಎಂಬ ಸಾಧನವು ಈ ಸಂಬಂಧವನ್ನು ತಲೆಕೆಳಗು ಮಾಡಿತು. ವ್ಯೂಹಕ್ಕೆ ಸೇರಿದ ಒಂದೊಂದು ಡಿಸ್ಕಿನ ಮೇಲೂ ಸೂಪರ್‌ಬ್ಲಾಕ್ ಎಂಬ ಒಂದು ಸಣ್ಣ ಲೇಖವನ್ನು ಬರೆದಿಡುವ ವಾಡಿಕೆಯು ಅದಕ್ಕೆ ಮೊದಲೇ ಇದ್ದಿತು. ಇದು ಯಾವ ವ್ಯೂಹ, ಅದರಲ್ಲಿ ಎಷ್ಟು ಡಿಸ್ಕುಗಳು, ಅವುಗಳಲ್ಲಿ ಇದು ಎಷ್ಟನೆಯದು ಎಂಬುದು ಆ ಲೇಖದ ವಿಷಯ. ಬ್ರೌನನು ಮಾಡಿದುದೇನೆಂದರೆ, ಆಜ್ಞೆಗಳು ಪ್ರತ್ಯೇಕವಾದ ಪಟ್ಟಿಯನ್ನು ಬಿಟ್ಟು ಈ ಲೇಖವನ್ನೇ ಪ್ರಮಾಣವಾಗಿ ಹಿಡಿಯುವಂತೆ ಮಾಡಿದುದು. ಪಟ್ಟಿಯೇನೋ ಈಗಲೂ ಉಂಟು. ಆದರೆ ಅದಿಲ್ಲದೆಯೂ ಕೆಲಸ ನಡೆಯುತ್ತದೆ. ಪರೀಕ್ಷಿಸುವ ಆಜ್ಞೆಯನ್ನು ಕೊಟ್ಟರೆ ಡಿಸ್ಕುಗಳ ಮೇಲಿನ ಲೇಖಗಳನ್ನೋದಿ ಪಟ್ಟಿಯನ್ನು ಸಾಧನವೇ ಬರೆದುಕೊಡುತ್ತದೆ. ಓಲೆಯ ಗ್ರಂಥಗಳೊಡನೆ ಬಳಕೆಯುಳ್ಳವರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ದಾರವು ಹರಿದು ಓಲೆಗಳು ಚೆದುರಿದಾಗ ಗ್ರಂಥವನ್ನು ಉಳಿಸುವುದು ಒಂದೊಂದು ಓಲೆಯ ಅಂಚಿನಲ್ಲಿ ಲಿಪಿಕಾರನು ಹಾಕಿದ ಅಂಕೆಯೇ ಹೊರತು ಭಂಡಾರದ ಪಟ್ಟಿಯಲ್ಲ.

ಸೂಪರ್‌ಬ್ಲಾಕಿನಲ್ಲಿ ಓಲೆಯಂಕೆಗಿಂತ ಹೆಚ್ಚಿನದೊಂದು ಗುಣವೂ ಉಂಟು. ವ್ಯೂಹದ ಸ್ಥಿತಿಯು ಬದಲಾದಂತೆಲ್ಲ ಒಂದು ಎಣಿಕೆಯು ಏರುತ್ತ ಹೋಗುತ್ತದೆ. ಒಂದು ಡಿಸ್ಕು ನಡುವೆ ಕಳಚಿಕೊಂಡು ಮರುದಿನ ಹಿಂದಿರುಗಿದರೆ ಅದರ ಎಣಿಕೆಯು ಮಿಕ್ಕವುಗಳಿಗಿಂತ ಹಿಂದೆ ಬಿದ್ದಿರುತ್ತದೆಯಾದ್ದರಿಂದ ಅದರಲ್ಲಿರುವುದು ಹಳೆಯ ಪಾಠವೆಂದು ಗೊತ್ತಾಗುತ್ತದೆ.

ಇಷ್ಟಾದರೂ ಲಿನಕ್ಸ್‌ನಲ್ಲಿ ಡಿಸ್ಕುಗಳ ಹೆಸರುಗಳು ಬಹುಕಾಲ ಗೊಂದಲಕ್ಕೆ ಕಾರಣವಾಗಿದ್ದುವು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಡಿಸ್ಕಿನವಲ್ಲ, ಅವು ಕಂಡುಬಂದ ಸರದಿಯವು. ಊಟದ ಪಂಕ್ತಿಯಲ್ಲಿ ಮೂರನೆಯವನೆಂದು ಕರೆದರೆ ಇಂದಿನ ಮೂರನೆಯವನೂ ನಾಳಿನ ಮೂರನೆಯವನೂ ಒಬ್ಬನೇ ಆಗಿರಬೇಕೆಂಬ ನಿಯಮವೇನು? ಒಂದು ಹೊಸ ಡಿಸ್ಕನ್ನು ಸೇರಿಸಿ ಯಂತ್ರವನ್ನು ಮತ್ತೆ ಹೊರಡಿಸಿದರೆ ಅಕ್ಷರಗಳು ಪಲ್ಲಟವಾಗುವ ಸಂಭವವುಂಟು. ತಯಾರಕನು ಕೊಟ್ಟ ಕ್ರಮಾಂಕದಿಂದ ಡಿಸ್ಕನ್ನು ಕರೆಯುವ ರೂಢಿಯು ಮುಂದೆ ಯುಡೆವ್ ಎಂಬ ಏರ್ಪಾಡಿನೊಡನೆ ನೆಲೆಗೊಂಡಿತು. ಕೆಟ್ಟ ಡಿಸ್ಕಿನ ಬದಲಾಗಿ ಒಳ್ಳೆಯದನ್ನು ಪೆಟ್ಟಿಗೆಯಿಂದ ಎಳೆದು ತೆಗೆಯುವ ಅನಾಹುತವು ಇದರಿಂದ ಕಡಿಮೆಯಾಗತಕ್ಕದ್ದು. ಪೆಟ್ಟಿಗೆಯ ಮುಖದ ಮೇಲೆ ಆ ಕ್ರಮಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿದವರಿಗೆ ಮಾತ್ರ.

ಎಂಡಿಎಡಿಎಂ ಸಾಧನದ ಎರಡು ಆಜ್ಞೆಗಳ ಭೇದವನ್ನು ಇಲ್ಲಿ ಗಮನಿಸಬೇಕು. ಇರುವ ಲೇಖಗಳನ್ನೋದಿ ವ್ಯೂಹವನ್ನು ಜೋಡಿಸುವುದು ಒಂದು. ಹೊಸ ಲೇಖಗಳನ್ನು ಬರೆದು ವ್ಯೂಹವನ್ನು ಸೃಷ್ಟಿಸುವುದು ಮತ್ತೊಂದು. ಜೋಡಣೆ ನಡೆಯದಾಗ ಗಾಬರಿಗೊಂಡವರು ಸೃಷ್ಟಿಯ ಆಜ್ಞೆಯನ್ನು ಕೊಡುವುದುಂಟು. ಹಳೆಯ ಲೇಖವಿರುವುದನ್ನು ಕಂಡರೆ ಸಾಧನವು ಅದನ್ನು ತಿಳಿಸಿ, ಮುಂದುವರಿಯಬಹುದೇ ಎಂದು ಕೇಳುತ್ತದೆ. ಒಪ್ಪಿದರೆ ಓಲೆಗಳ ಅಂಕೆಗಳನ್ನು ಒರೆಸಿ ಮನಸ್ಸಿಗೆ ಬಂದ ಕ್ರಮದಲ್ಲಿ ಹೊಸ ಅಂಕೆ ಹಾಕಿದಂತಾಯಿತು. ಮೊದಲಿನ ಕ್ರಮವನ್ನೇ ಸರಿಯಾಗಿ ಹೇಳಿದರೂ ಸಾಲದು. ಲೇಖದ ನಂತರ ಗ್ರಂಥವು ಪ್ರಾರಂಭವಾಗುವ ಸ್ಥಳವು ಸಾಧನದ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿರುವುದರಿಂದ, ಹಳೆಯ ಆವೃತ್ತಿಯಲ್ಲಿ ಕಟ್ಟಿದ ವ್ಯೂಹವನ್ನು ಹೊಸದರಲ್ಲಿ ಮರುಸೃಷ್ಟಿ ಮಾಡಿದರೆ ಓದಲು ತೊಡಗುವ ಎಡೆಯೇ ತಪ್ಪುತ್ತದೆ. ಸೃಷ್ಟಿಯೊಡನೆ ಪ್ಯಾರಿಟಿಯನ್ನು ಹೊಸದಾಗಿ ತುಂಬುವ ಕೆಲಸವೂ ಪ್ರಾರಂಭವಾದರೆ ನಿಜವಾದ ಅಕ್ಷರಗಳೇ ಅಳಿಸತೊಡಗುತ್ತವೆ.

ಇನ್ನು ಛಂದಸ್ಸಿನ ದೃಷ್ಟಾಂತದಲ್ಲಿ ಬಿಟ್ಟಿದ್ದ ಪ್ರಶ್ನೆ. ಡಿಸ್ಕು ಪೂರ್ತಿಯಾಗಿ ಕೆಡದೆ, ತಾನು ಬರೆದುಕೊಂಡುದಕ್ಕಿಂತ ಬೇರೆಯಾದುದನ್ನು ಮೌನವಾಗಿ ಹಿಂದಿರುಗಿಸಿದರೆ ಮಾಡುವುದೇನು? ಇದು ಅಪರೂಪವಾದರೂ ಕಲ್ಪಿತವಲ್ಲ. ೧೫ ಲಕ್ಷಕ್ಕೂ ಹೆಚ್ಚಿನ ಡಿಸ್ಕುಗಳನ್ನು ೪೧ ತಿಂಗಳ ಕಾಲ ಪರಿಶೀಲಿಸಿ ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂತಹ ನಾಲ್ಕು ಲಕ್ಷಕ್ಕೂ ಮೀರಿದ ಪ್ರಸಂಗಗಳು ಕಂಡುಬಂದುವು. ಲಿನಕ್ಸ್ ವ್ಯೂಹದಲ್ಲಿ ತಾಳೆ ನೋಡುವ ಆಜ್ಞೆಯು ಭೇದಗಳೆಷ್ಟೆಂದು ಎಣಿಸಿಕೊಡುತ್ತದೆ. ಸರಿಪಡಿಸುವ ಆಜ್ಞೆಯಾದರೋ ಪ್ಯಾರಿಟಿಯೇ ತಪ್ಪೆಂದು ತಿಳಿದು ಅದನ್ನು ತಿದ್ದಿಬಿಡುತ್ತದೆ. ಎರಡು ಪ್ರತಿಗಳಲ್ಲಿ ಪಾಠಾಂತರವಿದ್ದರೆ ಯಾವುದು ಶುದ್ಧವೆಂದು ವಿಚಾರಿಸದೆ ಒಂದನ್ನು ಮತ್ತೊಂದರ ಮೇಲೆ ಬರೆಯುತ್ತದೆ. ಗ್ರಂಥಸಂಪಾದನೆಯಲ್ಲಿ ಇಂತಹ ಕ್ರಮವನ್ನು ಯಾರೂ ಒಪ್ಪರು. ಆದರೆ ಸಾಧನವನ್ನು ನಿಂದಿಸುವುದು ನ್ಯಾಯವಲ್ಲ. ನಿರ್ಣಯಕ್ಕೆ ಬೇಕಾದ ಮೂರನೆಯ ಸಾಕ್ಷಿಯು ಅದರ ಬಳಿಯಲ್ಲಿಲ್ಲ.

ಆ ಮೂರನೆಯ ಸಾಕ್ಷಿಯನ್ನು ಒದಗಿಸಿದುದು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಮೊದಲಾದವರು ರಚಿಸಿದ ಜಡ್‌ಎಫ್‌ಎಸ್. ಇದು ೨೦೦೫ರಲ್ಲಿ ಸೊಲಾರಿಸ್ ವ್ಯವಸ್ಥೆಗೆ ಸೇರಿತು. ಇದರಲ್ಲಿ ಒಂದೊಂದು ಭಾಗದ ತಾಳೆಮೊತ್ತವನ್ನು ಆ ಭಾಗದ ಪಕ್ಕದಲ್ಲಿ ಬರೆಯದೆ, ಅದು ಎಲ್ಲಿದೆಯೆಂದು ತೋರಿಸುವ ಮೇಲಿನ ಭಾಗದಲ್ಲಿ ಬರೆದಿಡುತ್ತಾರೆ. ತನ್ನ ವಿಷಯದಲ್ಲಿ ತಾನೇ ಸಾಕ್ಷಿ ಹೇಳುವ ಅವಕಾಶವು ಡಿಸ್ಕಿಗಿಲ್ಲ. ಎರಡು ಪ್ರತಿಗಳಲ್ಲಿ ಭೇದ ಕಂಡರೆ ಮೊತ್ತಕ್ಕೆ ಹೊಂದುವುದೇ ಶುದ್ಧಪಾಠ. ಹೊಂದದುದನ್ನು ಅದರಿಂದ ತಿದ್ದುತ್ತಾರೆ. ಜಡ್‌ಪೂಲ್ ಎಂಬ ಆಜ್ಞೆಗೆ ಸ್ಕ್ರಬ್ ಎಂಬ ಮಾತನ್ನು ಸೇರಿಸಿದರೆ ಇಡೀ ವ್ಯೂಹವನ್ನು ಆದ್ಯಂತವಾಗಿ ಓದಿ ಹೀಗೆ ಶೋಧಿಸುವ ಕೆಲಸವು ನಡೆಯುತ್ತದೆ. ಆದರೂ ಆಡಳಿತಗಾರನು ತಾನೇ ಅಳಿಸಿದ ಗ್ರಂಥವನ್ನು ಯಾವ ವ್ಯೂಹವೂ ಹಿಂದಕ್ಕೆ ಕೊಡುವುದಿಲ್ಲ. ಎಲ್ಲ ಪ್ರತಿಗಳಿಂದಲೂ ಏಕಕಾಲದಲ್ಲಿ ಅಳಿಸುವುದೇ ಅದರ ಕರ್ತವ್ಯ. ಬೇರೆ ಊರಿನಲ್ಲಿ ಬೇರೆ ಪ್ರತಿಯನ್ನಿಡುವ ಹಳೆಯ ವಿವೇಕಕ್ಕೆ ಇವಾವುವೂ ಬದಲಾಗಲಾರವು.

ಗುರುತಿನ ಪ್ರಶ್ನೆಯಲ್ಲಿಯೂ ಜಡ್‌ಎಫ್‌ಎಸ್ ಬ್ರೌನನ ದಾರಿಯಲ್ಲಿಯೇ ಮುಂದೆ ಹೋಗಿದೆ. ಪ್ರತಿಯೊಂದು ಡಿಸ್ಕಿನ ಆದಿಯಲ್ಲಿ ಎರಡು, ಅಂತ್ಯದಲ್ಲಿ ಎರಡು, ಹೀಗೆ ನಾಲ್ಕು ಕಡೆ ವ್ಯೂಹದ ಲೇಖವನ್ನು ಬರೆದಿರುತ್ತಾರೆ. ಡಿಸ್ಕುಗಳನ್ನು ಕಳಚಿ ಬೇರೊಂದು ಯಂತ್ರಕ್ಕೆ ಯಾವ ಸರದಿಯಲ್ಲಿ ಜೋಡಿಸಿದರೂ ಇಂಪೋರ್ಟ್ ಎಂಬ ಮಾತಿನಿಂದ ವ್ಯೂಹವು ಮತ್ತೆ ಕೂಡುತ್ತದೆ. ಹಿಂದಿನ ಯಂತ್ರದಿಂದ ಕ್ರಮವಾಗಿ ಬಿಡಿಸಿಕೊಂಡು ಬಂದುದಲ್ಲವಾದರೆ ಆಜ್ಞೆಯು ಕಾರಣವನ್ನು ಹೇಳಿ ನಿಲ್ಲುತ್ತದೆ. ಬಲವಂತದ ಅಕ್ಷರವನ್ನು ಸೇರಿಸಿದ ಮೇಲೆಯೇ ಮುಂದುವರಿಯುತ್ತದೆ. ನಾಶಮಾಡೆಂದು ಹೇಳಿ ನಾಶಪಡಿಸಿದ ವ್ಯೂಹದ ಲೇಖಗಳು ಕೂಡ, ಆ ಡಿಸ್ಕುಗಳನ್ನು ಬೇರೆ ಕೆಲಸಕ್ಕೆ ತೊಡಗಿಸುವವರೆಗೆ, ನಾಶವಾದುದೆಂಬ ಗುರುತಿನೊಡನೆ ಡಿಸ್ಕಿನ ಮೇಲೆಯೇ ಉಳಿದಿರುತ್ತವೆ. ಇಂಪೋರ್ಟ್ ಆಜ್ಞೆಗೆ ಡಿ ಎಂಬ ದೊಡ್ಡಕ್ಷರವನ್ನು ಸೇರಿಸಿ ಅವನ್ನು ಹುಡುಕಿಸಬಹುದು.